ಔಷಧಿ ಗೋಡೌನಿನ ಹಿಂದಿನ ಹಳ್ಳ

ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷವನ್ನು ಔಷಧಿ ಅನ್ನುತ್ತಾರೆ. ಮದುವೆಯಾಗಿ ಬಂದ ಮೇಲೆ ನನಗೂ ಹಾಗೇ ಅನ್ನುವುದು ರೂಢಿಯಾಗಿತ್ತು. ಈಗ ಆ ಮಾತು ಬಾಯಿಗೆ ಬಂದರೆ ಅರ್ಧದಲ್ಲೇ ನುಂಗಿಕೊಳ್ಳುತ್ತೇನೆ.

ನನ್ನ ಗಂಡನ ಊರು ಅಜ್ಜಂಪುರದಿಂದ ಆಚೆ, ಎರೆ ಹೊಲಗಳ ನಡುವೆ ಇದೆ. ನಾವಿಬ್ಬರೂ ಇರುವುದು ಕಡೂರಿನಲ್ಲಿ. ನಾನು ಅಲ್ಲಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಊರಿನ ಹೊಲಮನೆ ನೋಡಿಕೊಳ್ಳುವವರು ನನ್ನ ಗಂಡನ ಅಕ್ಕ, ನನಗೆ ಅತ್ತಿಗೆ. ಗಂಡ ತೀರಿಕೊಂಡ ಮೇಲೆ ಎಳೆಯ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದವರು ಈರುಳ್ಳಿ ಬೆಳೆದು, ಎಮ್ಮೆ ಸಾಕಿ, ಮಗಳನ್ನು ಓದಿಸಿ ಮದುವೆ ಮಾಡಿದರು. ಗಟ್ಟಿ ಹೆಂಗಸು, ಮಾತೂ ಗಟ್ಟಿ. ಅವರಿಗಿದ್ದ ಒಂದೇ ಚಟವೆಂದರೆ ಹಳ್ಳ. ಹೊತ್ತು ಸಿಕ್ಕಿತೆಂದರೆ ಸೀರೆ ಎತ್ತಿ ಕಟ್ಟಿ ಹಳ್ಳಕ್ಕೆ ಇಳಿದುಬಿಡುತ್ತಿದ್ದರು. ಕಲ್ಲಿನ ಸಂದಿಗೆ ಕೈ ಹಾಕಿ ಏಡಿ ಹಿಡಿಯುತ್ತಿದ್ದರು, ನೀರು ಸಣ್ಣಗೆ ಹರಿಯುವ ಕಡೆ ಬಿದಿರಿನ ಕೂಳಿ ಒಡ್ಡಿ ಮೀನು ಕೆಡವುತ್ತಿದ್ದರು. ಏಡಿಯನ್ನು ಒರಳಲ್ಲಿ ಜಜ್ಜಿ, ರಸ ಹಿಂಡಿ, ಮೆಣಸು ಬೆಳ್ಳುಳ್ಳಿ ಅರೆದು ಹಾಕಿ ಅವರು ಮಾಡುತ್ತಿದ್ದ ಸಾರಿಗೆ ನೆಗಡಿ ಬಂದವರೆಲ್ಲ ಲೋಟ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. ಊರಿಗೆ ಹೋದಾಗಲೆಲ್ಲ ನಾನೂ ತಟ್ಟೆ ಬಳಿದು ತಿಂದಿದ್ದೇನೆ.

ನನ್ನ ಜೊತೆ ಎಂ.ಎಸ್ಸಿ. ಓದಿದ ಗೆಳತಿಯೊಬ್ಬಳು ಈಗ ವಿಶ್ವವಿದ್ಯಾಲಯದಲ್ಲಿದ್ದಾಳೆ. ಒಂದು ದಿನ ಅವಳ ಫೋನ್ ಬಂತು.

"ಹಳೇ ಕಾಲದ ಕೀಟನಾಶಕ ಹಳ್ಳದ ಕೆಸರಲ್ಲಿ ಇನ್ನೂ ಉಳಿದಿದೆಯಾ ಅಂತ ನೋಡ್ತಿದೀವಿ ಕಣೇ. ಹಿಂದೆ ಹತ್ತಿ, ಕಡಲೇಕಾಯಿ ಜೋರಾಗಿ ಬೆಳೀತಿದ್ದ ಕಡೆ ಒಂದು ಹಳ್ಳ ಬೇಕು. ನಿಮ್ಮೂರಲ್ಲಿ ಇದೆಯಲ್ಲ?"

ಇದೆ, ಬಾ, ಅಂದೆ.

ಅವಳು ಬಂದದ್ದು ಚಳಿ ಇನ್ನೂ ಪೂರ್ತಿ ಬಿಡದ ಒಂದು ಭಾನುವಾರ. ಗಾಜಿನ ಬಾಟಲಿ, ಸ್ಟೀಲ್ ಚಮಚ, ಮೀನು ಸುತ್ತಲು ಅಲ್ಯೂಮಿನಿಯಂ ಹಾಳೆ, ಐಸ್ ತುಂಬಿದ ಡಬ್ಬ ಎಲ್ಲ ತಂದಿದ್ದಳು. ಪ್ಲಾಸ್ಟಿಕ್ ಮುಟ್ಟಿಸುವಂತಿಲ್ಲ ಎಂದಳು. ಅತ್ತಿಗೆ ಕೂಳಿ ಹೆಗಲಿಗೆ ಹಾಕಿಕೊಂಡು ನಮ್ಮ ಮುಂದೆ ನಡೆದರು. "ಕೆಸರು ತಗಂಡೋಗೋಕೆ ಅಲ್ಲಿಂದ ಇಲ್ಲಿಗೆ ಬಂದೌಳಲ್ಲೇ ನಿನ್ ಗೆಳ್ತಿ! ಅವ್ರೂರಲ್ಲಿ ಕೆಸ್ರು ಇಲ್ವಾ?" ಎಂದು ನಗುತ್ತಿದ್ದರು.

ಊರಿನ ಮೇಲ್ಗಡೆಯಿಂದ ಶುರು ಮಾಡಿದೆವು. ಅಲ್ಲಿಯ ಕೆಸರು ಕೆಸರಿನ ಹಾಗೇ ಇತ್ತು. ಕೊಳೆತ ಎಲೆ, ಒದ್ದೆ ಮಣ್ಣು, ಅಷ್ಟೇ. ಕೆಳಗೆ ಇಳಿಯುತ್ತಾ ಹಳೆಯ ಗೋಡೌನಿನ ಹಿಂಭಾಗಕ್ಕೆ ಬಂದೆವು. ಹಿಂದೆ ಅಲ್ಲಿ ಒಬ್ಬ ವ್ಯಾಪಾರಿ ಗೊಬ್ಬರ, ಔಷಧಿ ದಾಸ್ತಾನು ಇಡುತ್ತಿದ್ದನಂತೆ. ಈಗ ಶೀಟು ಹಾರಿಹೋಗಿ ಗೋಡೆ ಮಾತ್ರ ನಿಂತಿದೆ, ಒಳಗೆಲ್ಲ ಜಾಲಿ ಬೆಳೆದಿದೆ. ಅದರ ಹಿಂದೆ ದಂಡೆ ಸ್ವಲ್ಪ ಕುಸಿದು, ಹಳ್ಳ ಬಾಗಿ, ನೀರು ನಿಂತು ಒಂದು ಮಡು ಆಗಿತ್ತು. ಏಡಿಗೆ ಒಳ್ಳೆಯ ಜಾಗ ಅದೇ ಎಂದು ಅತ್ತಿಗೆ ಕೂಳಿ ಒಡ್ಡಿದರು. ಇಡೀ ಹಳ್ಳದಲ್ಲಿ ನೋಡಲು ಚೆಂದವಾದ ಕೆಸರೂ ಅಲ್ಲಿಯದೇ. ಕಪ್ಪಗೆ, ಬೆಣ್ಣೆಯ ಹಾಗೆ ನುಣ್ಣಗಿತ್ತು.

ನಾನು ಮಂಡಿಯೂರಿ ಚಮಚದಲ್ಲಿ ಅದನ್ನು ಎತ್ತಿದೆ. ಎತ್ತಿದ್ದೇ ತಡ, ಮುಖಕ್ಕೆ ಹೊಡೆದಂತೆ ವಾಸನೆ ಬಂತು. ಮುಗ್ಗಲು ಹಿಡಿದ ಹಳೆಯ ಪೆಟ್ಟಿಗೆಯ ವಾಸನೆಗೆ ಏನೋ ಕಟುವಾದದ್ದು ಬೆರೆತಂತಿತ್ತು. ಮೂಗಿನೊಳಗೆ ಹೋಗಿ ಗಂಟಲಿನ ಹಿಂದೆ ಅಂಟಿಕೊಂಡಿತು. ಉಗುಳಿದರೂ ಹೋಗಲಿಲ್ಲ.

ಅತ್ತಿಗೆ ನನ್ನ ಕೈಯಿಂದ ಚಮಚ ಇಸಿದುಕೊಂಡು ಮೂಸಿದರು. "ಇದು ಪೌಡ್ರು ವಾಸ್ನೆ ಕಣೇ! ಹತ್ತಿಗೆ ಉದುರುಸ್ತಿದ್ರಲ್ಲ, ಬಿಳೀ ಬಿ.ಎಚ್.ಸಿ. ಪೌಡ್ರು. ನಾವ್ ಸಣ್ಣೋರಿದ್ದಾಗ ತಲೇಲಿ ಹೇನಾದ್ರೂ ಅದ್ನೇ ಹಾಕೋರು. ಗೋಡೌನು ಮುಚ್ಚುವಾಗ ಉಳ್ದಿದ್ದನ್ನೆಲ್ಲ ಇಲ್ಲೇ ಗುಂಡಿ ತೋಡಿ ಹೂತ್ರು. ಈಗ್ಲೂ ವಾಸ್ನೆ ಐತಾ?"

ಅವರಿಗೆ ಅದು ಬರೀ ಸೋಜಿಗ. ಗೆಳತಿ ಮಾತ್ರ ದಂಡೆಯ ಕುಸಿದ ಜಾಗವನ್ನು ನೋಡುತ್ತಾ ನಿಂತಳು. ಅಲ್ಲಿ ಮಣ್ಣಿನ ನಡುವೆ ಚಿಂದಿ ಚೀಲದ ಅಂಚೊಂದು, ಸತ್ತ ಪ್ರಾಣಿಯ ಚರ್ಮದ ಹಾಗೆ, ಹೊರಗೆ ಜೋತುಬಿದ್ದಿತ್ತು.

ಕೂಳಿಗೆ ಬಿದ್ದ ಮೀನು, ಏಡಿಗಳನ್ನು ಮನೆಗೆ ತಂದು ಹಿತ್ತಿಲಲ್ಲಿ ಕೊಯ್ದೆವು. ರೋಗ ಹಿಡಿದ, ಹುಣ್ಣಾದ, ಬೆನ್ನು ಸೊಟ್ಟಗಾದ ಮೀನನ್ನು ನಾನು ನಿರೀಕ್ಷಿಸಿದ್ದೆ. ಅಂಥದ್ದೇನೂ ಇರಲಿಲ್ಲ. ಕೊರಮೀನು ಕೈಯಲ್ಲಿ ಹಿಡಿಸದಷ್ಟು ದಪ್ಪ, ಮೈ ಮಿರಮಿರ. ಹೊಟ್ಟೆ ಸೀಳಿದರೆ ಕರುಳಿನ ಸುತ್ತ ಹಳದಿ ಕೊಬ್ಬು ಗಟ್ಟಿಯಾಗಿ ಕೂತಿತ್ತು. ಗೆಳತಿ ಆ ಕೊಬ್ಬನ್ನೇ ಹುಷಾರಾಗಿ ಬಿಡಿಸಿ ಹಾಳೆಯಲ್ಲಿ ಸುತ್ತಿದಳು.

"ಈ ಪುಡಿ ನೀರಲ್ಲಿ ಸರಿಯಾಗಿ ಕರಗಲ್ಲ," ಎಂದು ಅತ್ತಿಗೆಗೆ ಹೇಳಿದಳು. "ಕೆಸರಿಗೆ ಅಂಟ್ಕೊಂಡು ಕೂತ್ಬಿಡುತ್ತೆ. ಕೆಸರಲ್ಲಿರೋ ಹುಳ ತಿನ್ನುತ್ತೆ, ಆ ಹುಳಾನ ಏಡಿ, ಮೀನು ತಿನ್ನುತ್ತೆ. ಹೊರಗೆ ಹೋಗಲ್ಲ, ಕೊಬ್ಬಲ್ಲಿ ಶೇಖರ ಆಗ್ತಾ ಹೋಗುತ್ತೆ. ತಿಂದ್ರೆ ನಮ್ಮ ಮೈಗೂ ಹಂಗೇ."

"ಇಷ್ಟ್ ವರ್ಷ ತಿಂದಿದೀವಲ್ಲವ್ವ, ಏನಾಯ್ತು?" ಎಂದು ಅತ್ತಿಗೆ ಉಳಿದ ಏಡಿಗಳನ್ನು ಬುಟ್ಟಿಗೆ ಹಾಕಿ ಒಳಗೆ ತೆಗೆದುಕೊಂಡು ಹೋದರು. ಆಗ ಗೆಳತಿಯ ಬಳಿ ಅನುಮಾನ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಈಗ ತಿನ್ನಬೇಡಿ ಎಂದಳು. ಅತ್ತಿಗೆ ಹೂಂ ಎಂದರು. ನಾವು ಕಡೂರಿನ ದಾರಿ ಹಿಡಿದೆವು.

ಪರೀಕ್ಷೆಯ ಫಲ ಬರುವ ಹೊತ್ತಿಗೆ ಬಿಸಿಲು ಕಾದಿತ್ತು. ಗೆಳತಿ ಫೋನಿನಲ್ಲಿ ಹೇಳಿದಳು: ಊರಿನ ಮೇಲ್ಗಡೆಯ ಕೆಸರಿನಲ್ಲಿ ಹೆಚ್ಚೇನಿಲ್ಲ. ಗೋಡೌನಿನ ಹಿಂದೆ ವಿಪರೀತ ಇದೆ. ಅಲ್ಲಿಂದ ಕೆಳಗೂ ಉದ್ದಕ್ಕೆ ಇದೆ. ಮಡುವಿನ ಕೊರಮೀನಿನ ಕೊಬ್ಬಿನಲ್ಲಿ ಇರುವುದು ಕೆಸರಿನಲ್ಲಿರುವುದಕ್ಕಿಂತಲೂ ಜಾಸ್ತಿ. ಮಾರುವುದನ್ನೇ ನಿಲ್ಲಿಸಿ ಎಷ್ಟೋ ಕಾಲವಾದ ಪುಡಿ, ನೆನ್ನೆ ಸುರಿದ ಹಾಗೆ.

ನನಗೆ ಮೊದಲು ನೆನಪಾದದ್ದು ಅತ್ತಿಗೆಯ ಮಗಳು. ಈ ನಡುವೆ ಅವಳು ಚೊಚ್ಚಲ ಹೆರಿಗೆಗೆ ತಾಯಿಯ ಮನೆಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿತ್ತು, ಬಾಣಂತನ ನಡೆದಿತ್ತು. ಬಾಣಂತಿಗೆ ಎದೆಹಾಲು ಬರಲೆಂದು, ಸೊಂಟ ಗಟ್ಟಿಯಾಗಲೆಂದು ಅತ್ತಿಗೆ ಏನು ಮಾಡಿ ಹಾಕುತ್ತಿದ್ದರೆಂದು ನನಗೆ ಗೊತ್ತಿತ್ತು.

ಮಾರನೆಯ ದಿನವೇ ಊರಿಗೆ ಹೋದೆ. ಅಡುಗೆಮನೆಯಲ್ಲಿ ಮೆಣಸಿನ ಘಾಟು. ಅತ್ತಿಗೆ ಒಲೆಯ ಮುಂದೆ ಕೂತು ಏಡಿ ಸಾರು ಕುದಿಸುತ್ತಿದ್ದರು. ಮೇಲೆ ಎಣ್ಣೆಯ ಹಾಗೆ ಕೊಬ್ಬಿನ ಚುಕ್ಕೆಗಳು ತೇಲುತ್ತಿದ್ದವು. ಹಿಂದೆ ಆ ಚುಕ್ಕೆ ಕಂಡರೆ ನನಗೆ ಬಾಯಲ್ಲಿ ನೀರೂರುತ್ತಿತ್ತು. ಈಗ ಹೊಸ್ತಿಲು ದಾಟದೆ ಅಲ್ಲೇ ನಿಂತೆ.

"ಅತ್ಗೆ, ಅದ್ನ ಕೊಡ್ಬೇಡಿ."

"ಯಾಕೆ?"

ಎಲ್ಲ ಹೇಳಿದೆ. ಅವರು ಸೌಟನ್ನು ಕೈಯಲ್ಲಿ ಹಿಡಿದು ಪಾತ್ರೆಯನ್ನೇ ನೋಡುತ್ತಿದ್ದರು. ಕೊನೆಗೆ ಬಹಳ ಮೆಲ್ಲಗೆ ಕೇಳಿದರು.

"ಹಾಲ್ಗೂ ಹೋಗ್ತದಾ?"

ಸುಳ್ಳು ಹೇಳಬಹುದಿತ್ತೇನೋ. "ಸ್ವಲ್ಪ ಹೋಗುತ್ತೆ ಅತ್ಗೆ. ಹಾಲಲ್ಲೂ ಕೊಬ್ಬು ಇರುತ್ತಲ್ಲ," ಎಂದೆ.

ಅತ್ತಿಗೆ ಎದ್ದು ಪಾತ್ರೆಯನ್ನು ಬರಿಗೈಯಲ್ಲೇ ಹಿಡಿದು ಹಿತ್ತಿಲಿಗೆ ಓಡಿದರು. ಕೈ ಸುಡುತ್ತಿದೆ ಎನ್ನುವುದೂ ಅವರಿಗೆ ಗೊತ್ತಾಗಲಿಲ್ಲ. ಸಾರನ್ನು ತಿಪ್ಪೆಗೆ ಸುರಿದರು. ಕೋಳಿಗಳು ಮುತ್ತಿದವು, ಅವುಗಳನ್ನು ಬೈದು, ಕಲ್ಲು ಹೊಡೆದು ಓಡಿಸಿದರು. ಆಮೇಲೆ ಗೋಡೆ ಹಿಡಿದುಕೊಂಡು ಬಗ್ಗಿ ವಾಂತಿ ಮಾಡಿದರು. ಬೆನ್ನು ಸವರಲು ಹೋದ ನನ್ನ ಕೈ ತಳ್ಳಿದರು. "ಥೂ, ಮುಟ್ಬೇಡ ಕಣೇ. ನನ್ನ ಕೈಯಾರೆ ಹಾಕಿದೀನಲ್ಲೇ. ಬೇಡ ಅಮ್ಮ ಅಂದ್ರೂ ಬಿಡ್ದೆ ಕುಡ್ಸಿದೀನಲ್ಲೇ."

ಒಳಗಿನಿಂದ ಮಗು ಅಳುವುದು ಕೇಳಿಸುತ್ತಿತ್ತು. ಮಗಳು ಅದನ್ನು ಎದೆಗೆ ಹಾಕಿಕೊಂಡಿರಬೇಕು, ಅಳು ನಿಂತಿತು. ಆ ಸದ್ದು ನಿಂತದ್ದಕ್ಕೇ ಅತ್ತಿಗೆ ಕಿವಿ ಮುಚ್ಚಿಕೊಂಡರು.

ಕಡೂರಿನ ಮಕ್ಕಳ ಡಾಕ್ಟರ ಹತ್ತಿರ ತಾಯಿ ಮಗುವನ್ನು ಕರೆದುಕೊಂಡು ಹೋದೆವು. ಮಗು ಚೆನ್ನಾಗಿದೆ, ಹಾಲು ಬಿಡಿಸಲೇಬಾರದು, ಬಿಡಿಸಿದರೆ ಅದರಿಂದಲೇ ಹೆಚ್ಚು ತೊಂದರೆ, ಆ ಹಳ್ಳದ ಮೀನು ಏಡಿ ಮಾತ್ರ ನಿಲ್ಲಿಸಿ ಎಂದರು. ಅತ್ತಿಗೆ ಎಲ್ಲಕ್ಕೂ ತಲೆಯಾಡಿಸಿದರು. ಅದಾದ ಮೇಲೂ ಬಹಳ ದಿನ, ಮಗಳು ಮಗುವಿಗೆ ಹಾಲು ಕೊಡುವಾಗ ಅವರು ಆ ಕೋಣೆಯಲ್ಲಿ ಇರುತ್ತಿರಲಿಲ್ಲ.

ಆ ವ್ಯಾಪಾರಿ ಸತ್ತು ಎಷ್ಟೋ ವರ್ಷವಾಗಿದೆ. ಮಗ ಪೇಟೆಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಇಟ್ಟಿದ್ದಾನೆ. ಅದೇ ವ್ಯಾಪಾರ, ಡಬ್ಬಗಳ ಮೇಲಿನ ಚಿತ್ರ ಮಾತ್ರ ಬಣ್ಣಬಣ್ಣದ್ದು. ನಾನೂ ಅತ್ತಿಗೆಯೂ ಅವನನ್ನು ಕಾಣಲು ಹೋದೆವು. ನಮ್ಮ ಬೇಡಿಕೆ ದೊಡ್ಡದೇನಲ್ಲ. ಗುಂಡಿ ಎಲ್ಲಿಂದ ಎಲ್ಲಿಯವರೆಗೆ ಇದೆ, ಒಳಗೆ ಏನೇನಿದೆ ಎಂದು ಅಧಿಕಾರಿಗಳ ಮುಂದೆ ಹೇಳಿದರೆ ಸಾಕು, ತೆಗೆಸುವ ದಾರಿಯಾಗುತ್ತದೆ.

ಅವನು ಗಲ್ಲಾದ ಹಿಂದೆ ಕೂತು ಕಿತ್ತಳೆ ಸುಲಿಯುತ್ತಿದ್ದ. ಎದ್ದು ಕೈಮುಗಿದ. ಕುರ್ಚಿ ಹಾಕಿಸಿದ. ಒಬ್ಬ ಗಿರಾಕಿಗೆ ಔಷಧಿಯ ಪೊಟ್ಟಣ ಎತ್ತಿಕೊಟ್ಟು, ಅದೇ ಬೆರಳಲ್ಲಿ ತೊಳೆ ಬಿಡಿಸಿ ನನ್ನ ಮುಂದೆ ಹಿಡಿದ. "ತಗಳಿ ಮೇಡಂ, ಸಿಹಿಯಾಗೈತೆ." ಉಗುರಿನ ಸಂದಿಯಲ್ಲಿ ಬೆಳ್ಳಗೆ ಏನೋ ಇತ್ತು. ಕಿತ್ತಳೆಯ ಸಿಪ್ಪೆಯ ನಾರೇ ಇರಬಹುದು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

ವಿಷಯ ಕೇಳಿ ಅವನ ಮುಖ ಬದಲಾಗಲಿಲ್ಲ. "ಅದೆಲ್ಲ ನಮ್ಮಪ್ಪನ ಕಾಲದ್ದು ಮೇಡಂ. ಸತ್ತೋರ ಮೇಲೆ ಯಾಕೆ ಹೇಳ್ತೀರಿ? ಮಣ್ಣಿಗೆ ಹಾಕಿದ್ದು ಮಣ್ಣಾಗಿರುತ್ತೆ ಬಿಡಿ."

"ಆಗಿಲ್ಲ," ಎಂದೆ. "ಮೀನಲ್ಲಿ ಸಿಕ್ಕಿದೆ."

"ಮೀನಲ್ಲಾ?" ಎಂದು ಅವನು ನಕ್ಕ. ಬಾಯಲ್ಲಿದ್ದ ಬೀಜವನ್ನು ಅಂಗೈಗೆ ಉಗುಳಿಕೊಂಡ. "ನಮ್ಮನೇಲಿ ಅದ್ನೆಲ್ಲ ಮುಟ್ಟಲ್ಲ ಮೇಡಂ. ತಿನ್ನೋರು ನೋಡ್ಕಂಡು ತಿನ್ಬೇಕಪ್ಪ."

ಅತ್ತಿಗೆ ಕುರ್ಚಿಯಿಂದ ಎದ್ದರು. "ಏನಪ್ಪಾ, ನನ್ನ ಮೊಮ್ಮಗಳು ಏನ್ ನೋಡ್ಕಂಡು ಕುಡೀಬೇಕಿತ್ತು?"

ಅವನಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗದವನ ಹಾಗೆ ಇದ್ದ. "ಅಕ್ಕಾ, ಬಿಸ್ಲಲ್ಲಿ ಬಂದಿದೀರ, ಮಜ್ಜಿಗೆ ತರ್ಸ್ಲಾ?" ಎಂದ. ನಾನು ಅತ್ತಿಗೆಯ ತೋಳು ಹಿಡಿದು ಹೊರಗೆ ಕರೆತಂದೆ. ಎಷ್ಟೋ ಜನರ ಮೇಲೆ ನನಗೆ ಸಿಟ್ಟು ಬಂದಿದೆ. ಅವತ್ತು ಬಂದದ್ದು ಸಿಟ್ಟಲ್ಲ, ಹೇಸಿಗೆ. ಅವನು ಹಾಕಿಸಿದ ಕುರ್ಚಿಯಲ್ಲಿ ಕೂತಿದ್ದೆನಲ್ಲ ಎಂದು ಮನೆಗೆ ಬಂದು ಸೀರೆ ನೆನೆಹಾಕಿದೆ.

ಗೆಳತಿಯ ಫಲಿತಾಂಶ ಇಟ್ಟುಕೊಂಡು ಅಧಿಕಾರಿಗಳಿಗೆ ಅರ್ಜಿ ಕೊಟ್ಟೆವು. ಆ ಸುದ್ದಿ ಅವನಿಗೆ ಮುಟ್ಟಿರಬೇಕು. ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವಷ್ಟರಲ್ಲಿ ಅತ್ತಿಗೆಯ ಫೋನ್.

"ಲೇ, ಜೆಸಿಬಿ ಬಂದೈತೆ ಕಣೇ. ಗೋಡೌನ್ ಹಿಂದ್ಗಡೆ ಅಗೀತಾ ಅವ್ರೆ. ತೋಟಕ್ಕೆ ಗೋಡು ಮಣ್ಣು ಪುಕ್ಕಟೆ ಅಂತ ಊರಿಗೆಲ್ಲ ಹೇಳೌನೆ. ಟ್ರ್ಯಾಕ್ಟ್ರುಗಳು ಸಾಲಾಗಿ ನಿಂತವೆ!"

ಕೆರೆ ಹಳ್ಳದ ಹೂಳನ್ನು ಗೋಡು ಮಣ್ಣು ಎಂದು ತೆಂಗಿಗೆ, ಅಡಿಕೆಗೆ ಹೊಡೆಸುವುದು ನಮ್ಮ ಕಡೆ ಎಲ್ಲರಿಗೂ ಇಷ್ಟ. ಪುಕ್ಕಟೆ ಎಂದರೆ ಕೇಳಬೇಕೇ. ಗುಂಡಿಯನ್ನು ಬಗೆದು, ಹಳ್ಳದ ಕೆಸರಿನ ಜೊತೆ ಬೆರೆಸಿ, ಊರಿನವರ ಕೈಯಲ್ಲೇ ಊರಿನವರ ತೋಟಗಳಿಗೆ ಹಂಚಿಬಿಟ್ಟರೆ ಆಮೇಲೆ ಗುಂಡಿ ಎಲ್ಲಿ ಎಂದು ಯಾರು ತೋರಿಸುತ್ತಾರೆ? ಗೆಳತಿಗೂ ಅಧಿಕಾರಿಗಳಿಗೂ ಫೋನ್ ಮಾಡುತ್ತಲೇ ಬೀರೂರಿನ ಮೇಲೆ ಬಸ್ಸು ಹಿಡಿದು ಹೋದೆ.

ನಾನು ತಲುಪಿದಾಗ ಅತ್ತಿಗೆ ದಾರಿಗೆ ಅಡ್ಡ ಕೂತಿದ್ದರು. ಎದುರಿಗೆ ಮಣ್ಣು ತುಂಬಿದ ಟ್ರ್ಯಾಕ್ಟರ್ ಗುರುಗುಡುತ್ತಾ ನಿಂತಿತ್ತು. ಆ ವಾಸನೆ ಊರಿನ ಬಾಗಿಲಿಗೇ ಬರುತ್ತಿತ್ತು. ಜೆಸಿಬಿ ಬಗೆದ ಕಡೆ ದಂಡೆ ಬಾಯಿ ತೆರೆದುಕೊಂಡಿತ್ತು. ಕಪ್ಪು ಮಣ್ಣಿನಲ್ಲಿ ಬಿಳಿ ಹೆಂಟೆಗಳು, ಹಸಿ ಗಾಯದಲ್ಲಿ ಕೀವು ಕಟ್ಟಿದ ಹಾಗೆ. ಕೊಳೆತ ಚೀಲಗಳು ಯಂತ್ರದ ಹಲ್ಲಿಗೆ ಸಿಕ್ಕಿ ಜೋತಾಡುತ್ತಿದ್ದವು. ಕೆದಕಿದ ನೀರಿನ ಮೇಲೆ ಬಿಳಿಯ ಪೊರೆ ಹರಡಿ ಮೆಲ್ಲಗೆ ಕೆಳಗೆ ಸಾಗುತ್ತಿತ್ತು.

"ಏಳಮ್ಮ, ನನ್ ಬಾಡ್ಗೆ ಹಾಳಾಗ್ತದೆ," ಎಂದು ಡ್ರೈವರ್ ಗೋಗರೆಯುತ್ತಿದ್ದ.

"ಇಳ್ದು ಬಾರೋ. ಬಂದು ಆ ಬಿಳೀದನ್ನ ಒಂಚೂರು ಮೂಸು. ಆಮೇಲೂ ನಿಮ್ಮಪ್ಪನ ತೋಟಕ್ಕೆ ಸುರೀತೀನಿ ಅಂದ್ರೆ ನಾನೇ ಎದ್ದು ದಾರಿ ಬಿಡ್ತೀನಿ."

ಅವನು ಇಳಿದು ಮೂಸಿದ. ಮುಖ ಹಿಂಡಿದ. ಎಂಜಿನ್ ಆರಿಸಿದ. ಸುತ್ತ ನಿಂತವರಲ್ಲಿ ಹಲವರು ಅತ್ತಿಗೆಯನ್ನೇ ಬೈದರು. ಒಳ್ಳೆಯ ಗೋಡು ತಪ್ಪಿಸಿದಳು ಎಂದರು. ತಮ್ಮನ ಓದಿದ ಹೆಂಡತಿಯ ಮಾತು ಕಟ್ಟಿಕೊಂಡು ಕುಣಿಯುತ್ತಾಳೆ ಎಂದು ಒಬ್ಬ ಮುದುಕ ಉಗುಳಿದ. ಅಷ್ಟರೊಳಗೆ ಕೆಲವು ಲೋಡು ತೋಟ ಸೇರಿಯೂ ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ಅಧಿಕಾರಿಗಳು ಬಂದರು, ಮೂಗಿಗೆ ಕರ್ಚೀಫು ಹಿಡಿದು ನೋಡಿದರು, ಅಗೆತ ನಿಲ್ಲಿಸಿದರು. ಗುಂಡಿಗೆ ಟಾರ್ಪಾಲ್ ಹೊದಿಸಿ ಸುತ್ತ ತಂತಿ ಕಟ್ಟಿಸಿದರು. ಮಳೆ ಹಿಡಿಯುವ ಮುಂಚೆ, ಮೈಪೂರ್ತಿ ಬಿಳಿ ಬಟ್ಟೆ ಹಾಕಿಕೊಂಡವರು ಲಾರಿ ತಂದು ಪುಡಿಯನ್ನೂ ಅದು ಬೆರೆತ ಮಣ್ಣನ್ನೂ ಡ್ರಮ್ಮುಗಳಿಗೆ ತುಂಬಿಕೊಂಡು ಹೋದರು. ತೋಟಕ್ಕೆ ಬಿದ್ದಿದ್ದನ್ನೂ ಆದಷ್ಟು ಎತ್ತಿದರು. ವ್ಯಾಪಾರಿಯ ಮಗನ ಮೇಲೆ ಕೇಸು ಹಾಕಿದ್ದಾರೆ, ನಡೆಯುತ್ತಿದೆ. ಅವನ ಅಂಗಡಿಯೂ ನಡೆಯುತ್ತಿದೆ. ಮೊನ್ನೆ ಬಸ್ಸಿನಿಂದ ನೋಡಿದೆ, ಬಾಗಿಲಲ್ಲಿ ನಿಂತು ಯಾರಿಗೋ ನಗುತ್ತಾ ಕೈಮುಗಿಯುತ್ತಿದ್ದ.

ಆದರೆ ಹಳ್ಳದ ತಳವನ್ನು ಯಾವ ಡ್ರಮ್ಮಿಗೆ ತುಂಬುವುದು? ಇಲ್ಲಿ ಮೀನು ಹಿಡಿಯಬಾರದು ಎಂದು ಒಂದು ಬೋರ್ಡು ನೆಟ್ಟರು. ಅದರ ತಗಡನ್ನು ಯಾರೋ ಕಿತ್ತುಕೊಂಡು ಹೋಗಿ ಕೋಳಿಗೂಡಿಗೆ ಮುಚ್ಚಳ ಮಾಡಿದ್ದಾರೆ. ಮಳೆ ಬಂತು, ಹಳ್ಳ ತುಂಬಿ ಹರಿಯಿತು, ಕೆಸರು ಕೆಳಗೆ ಸರಿಯಿತು.

ಎಲ್ಲಿಯವರೆಗೆ ಸರಿದಿದೆ ನೋಡಬೇಕೆಂದು ಗೆಳತಿ ಮತ್ತೆ ಬಂದಳು. ಹಳ್ಳ ಹೋಗಿ ಸೇರುವ ಕೆರೆಯ ಕೋಡಿಯ ಹತ್ತಿರ ಹೋದೆವು. ಕರೆಯದಿದ್ದರೂ ಅತ್ತಿಗೆ ಜೊತೆಗೆ ಬಂದರು. ಅಲ್ಲಿ ಒಬ್ಬ ಹೆಂಗಸು ಸಣ್ಣ ಬಲೆ ಬಿಟ್ಟು ಮೀನು ಹಿಡಿಯುತ್ತಿದ್ದಳು. ಬುಟ್ಟಿಯಲ್ಲಿ ಜಿಲೇಬಿ ಮೀನುಗಳು ಇನ್ನೂ ಬಾಯಿ ತೆರೆಯುತ್ತಿದ್ದವು. ಪಕ್ಕದಲ್ಲಿ ಅವಳ ಇಬ್ಬರು ಮಕ್ಕಳು ಬಸವನಹುಳುಗಳನ್ನು ಆರಿಸಿ ಗುಡ್ಡೆ ಹಾಕುತ್ತಿದ್ದರು.

ಗೆಳತಿ ಬಾಟಲಿ ತೆಗೆಯುವ ಮೊದಲೇ ಅತ್ತಿಗೆ ಆ ಹೆಂಗಸಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಎಲ್ಲವನ್ನೂ ಹೇಳಿದರು, ಗುಂಡಿ, ಪುಡಿ, ಕೊಬ್ಬು, ಎಲ್ಲ. ತಮ್ಮ ಮಗಳ ಮಾತನ್ನೂ ಮುಚ್ಚಿಡಲಿಲ್ಲ. ನಾನು ಅಷ್ಟು ಚೆನ್ನಾಗಿ ಯಾವತ್ತೂ ಪಾಠ ಮಾಡಿಲ್ಲ. ಆ ಹೆಂಗಸು ಬಲೆ ಬಿಟ್ಟು ಕೇಳುತ್ತಿದ್ದಳು. ಕೇಳುತ್ತಾ ಕೇಳುತ್ತಾ ಅವಳ ಮುಖ ಸಪ್ಪಗಾಯಿತು. ಮಕ್ಕಳನ್ನು ಹತ್ತಿರ ಕರೆದು ಅವರ ಕೈಯಲ್ಲಿದ್ದ ಹುಳುಗಳನ್ನು ಬೀಳಿಸಿ, ತನ್ನ ಸೆರಗಿನಿಂದ ಅವರ ಅಂಗೈ ತಿಕ್ಕಿ ಒರೆಸಿದಳು.

"ಇನ್ಮೇಲೆ ಮಕ್ಕಳ್ಗೆ ಹಾಕಲ್ಲ ಬಿಡವ್ವ," ಎಂದಳು. "ನಮ್ ಸಾರಿಗೆ ಬೇಡ. ಇದ್ನೆಲ್ಲ ಕಡೂರು ಸಂತೇಗೆ ಕಳುಸ್ಬಿಡ್ತೀನಿ."

ಅತ್ತಿಗೆ ನನ್ನ ಕಡೆ ಬೆರಳು ಮಾಡಿದರು. "ಇವಳ ಮನೆ ಕಡೂರಲ್ಲೇ ಇರೋದು ಕಣವ್ವ."

ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ನಿಜಕ್ಕೂ ಪೇಚಾಯಿತು. ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದಿಸಿದಳು.

"ಹಂಗಾದ್ರೆ ತರೀಕೆರೆಗೆ ಕಳುಸ್ತೀನಿ," ಎಂದಳು.